ಹಗ್ಗ ಬಿಡುವ ಬೆರಳು

ನನ್ನ ಹೆಂಡತಿಯ ತಮ್ಮನಿಗೆ ಅವನ ಆಫೀಸಿನಲ್ಲಿ ಗೋಡೆ ಎಂದು ಹೆಸರು. ಬೆನ್ನ ಹಿಂದೆ ಆಡಿಕೊಳ್ಳುವ ಹೆಸರಲ್ಲ, ಎದುರಿಗೇ ಕರೆಯುತ್ತಾರೆ. ಅವನಿಗಿಂತ ಚಿಕ್ಕವರು ಮಾತ್ರ ಮರ್ಯಾದೆಗೆ ಒಂದು ‘ಸರ್’ ಸೇರಿಸಿ ಗೋಡೆ ಸರ್ ಎನ್ನುತ್ತಾರೆ. ಹೆಸರಿಗೆ ತಕ್ಕ ಕೆಲಸ. ಬೆಳಗ್ಗೆ ಹೋಗಿ ಕೂತು ಸಂಜೆಯವರೆಗೆ ಒಂದಾದ ಮೇಲೊಂದು ಗೋಡೆಗೆ ಡಿಕ್ಕಿ ಹೊಡೆಯುವುದು, ಅದಕ್ಕೆ ಸಂಬಳ ಪಡೆಯುವುದು.

ನನ್ನ ಅಂಗಡಿಯ ಮೇಲೆ, ಮೂರನೇ ಮಹಡಿಯಲ್ಲಿ, ವಿಡಿಯೋ ಗೇಮ್ ತಯಾರಿಸುವ ಸಣ್ಣ ಕಂಪನಿಯೊಂದಿದೆ. ಆಗ ಅವರು ತಯಾರಿಸುತ್ತಿದ್ದದ್ದು ಒಂದು ಸೂಪರ್‌ಹೀರೋ ಆಟ. ಮುಖವಾಡ ತೊಟ್ಟ ಒಬ್ಬ ವೀರ, ಅವನ ಸೊಂಟದಲ್ಲಿ ಒಂದು ಹಗ್ಗ. ಅದನ್ನು ಎಸೆದು ಕಟ್ಟಡದ ತುದಿಗೆ ಸಿಕ್ಕಿಸಿ, ಉಯ್ಯಾಲೆಯಂತೆ ಜೀಕುತ್ತಾ ಇಡೀ ಊರನ್ನು ದಾಟುತ್ತಾನೆ. ಅಂಥ ಊರೆಂದ ಮೇಲೆ ಗೋಡೆ, ಮೂಲೆ, ಸಂದುಗಳಿಗೆ ಲೆಕ್ಕವಿದೆಯೇ? ಎಲ್ಲಾದರೂ ಒಂದು ಕಡೆ ವೀರ ಸಿಕ್ಕಿಹಾಕಿಕೊಂಡು ಹೊರಗೆ ಬರಲಾಗದೆ ಹೋದರೆ ಆಟ ಕೊಂಡವರು ಕಂಪನಿಯ ವಂಶವನ್ನೇ ಜಾಲಾಡುತ್ತಾರೆ. ಆದ್ದರಿಂದ ಆಟ ಮಾರಾಟಕ್ಕೆ ಬರುವ ಮುಂಚೆ ಒಬ್ಬ ಮನುಷ್ಯ ಎಲ್ಲ ಕಡೆಗೂ ಹೋಗಿ ಮೊದಲೇ ಸಿಕ್ಕಿಹಾಕಿಕೊಳ್ಳಬೇಕು. ಆ ಮನುಷ್ಯ ನಮ್ಮ ಬಾಮೈದ.

ಅವನನ್ನು ಅಲ್ಲಿಗೆ ಸೇರಿಸಿದವನು ನಾನೇ. ಉಪಕಾರಕ್ಕೆಂದು ಮನೆಯಲ್ಲಿ ಎಲ್ಲರೂ ನಂಬಿದ್ದಾರೆ, ನಾನೂ ತಿದ್ದಲು ಹೋಗಿಲ್ಲ. ನನ್ನದು ಹಳೇ ಗೇಮು, ಅವನ್ನು ಆಡುವ ಹಳೇ ಮೆಷಿನ್ನು, ಜೊತೆಗೆ ಹಳೇ ಕುರ್ಚಿ ಕೊಂಡು ಮಾರುವ ಅಂಗಡಿ. ಗಿರಾಕಿಗಳಿಗೆ ಆಡಿಸಿ ತೋರಿಸಲು ಬಾಗಿಲ ಪಕ್ಕದಲ್ಲಿ ಒಂದು ಟಿವಿ, ಒಂದು ಸ್ಟೂಲು ಇಟ್ಟಿದ್ದೇನೆ. ಗೋದಾಮಿನ ಕೆಲಸ ಬಿಟ್ಟು ಬಂದ ಬಾಮೈದ ಆ ಸ್ಟೂಲಿನ ಮೇಲೆ ಕೂತವನು ಏಳಲೇ ಇಲ್ಲ. ಷಟರ್ ಎತ್ತುವಾಗ ಕೂತರೆ ಇಳಿಸುವಾಗ ಏಳುತ್ತಿದ್ದ. ಬಂದವರು ಮೆಷಿನ್ನಿನ ಜೊತೆ ಇವನನ್ನೂ ಕೊಡುತ್ತೀರಾ ಎಂದು ತಮಾಷೆ ಮಾಡುವ ಮಟ್ಟಕ್ಕೆ ಬಂತು. ಒಂದು ದಿನ ಮೂರನೇ ಮಹಡಿಯ ಯಜಮಾನರು ಕೇಬಲ್ ಕೊಳ್ಳಲು ಕೆಳಗೆ ಬಂದಿದ್ದರು.

"ನಿಮ್ಮಲ್ಲಿ ಆಟ ಆಡೋ ಕೆಲಸ ಇದೆಯಂತಲ್ಲ ಸಾರ್. ಈ ಆಸಾಮೀನ ನೋಡಿ. ಕೂತ್ರೆ ಊಟಾನೂ ಮರೀತಾನೆ," ಅಂದೆ.

ಅವರು ಅವನ ಬೆನ್ನ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿದರು. "ತಾಳ್ಮೆ ಇದೆ," ಅಂದರು. ಸ್ಟೂಲು ಖಾಲಿಯಾಯಿತು.

ಅವನ ಕಷ್ಟ ಶುರುವಾದದ್ದು ಅಲ್ಲಿಂದ. ಕಲ್ಲು ಹೊರುವವನು ಬೆನ್ನು ನೋವು ಅಂದರೆ ಜನ ಅಯ್ಯೋ ಪಾಪ ಅನ್ನುತ್ತಾರೆ. ಆಟ ಆಡಿ ಸಾಕಾಯಿತು ಅಂದವನಿಗೆ ಪಾಪ ಅನ್ನುವವರು ಯಾರು? ನೆಂಟರು ಬಂದಾಗೆಲ್ಲ ಒಂದೇ ಪ್ರಶ್ನೆ.

"ಏನಪ್ಪಾ, ದಿನಾ ಆಟಾನೇ ಆಡ್ತಿಯಂತೆ? ನಮ್ಮನೇಲೂ ಒಬ್ಬ ಇದಾನೆ, ಅವನಿಗೂ ಒಂದು ನೋಡು."

ಅವನು ನಕ್ಕು ನೀರಿನ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದ. ಒಮ್ಮೆ ಬೇರೆ ಕಡೆ ಕೆಲಸಕ್ಕೆ ಸಂದರ್ಶನಕ್ಕೂ ಹೋಗಿ ಬಂದ. ಈ ವರ್ಷಗಳಲ್ಲಿ ಏನು ಮಾಡುತ್ತಿದ್ದಿರಿ ಎಂದು ಕೇಳಿದರಂತೆ. ಇದ್ದದ್ದನ್ನು ಇದ್ದಹಾಗೆ ಹೇಳಿದ. ಅವರು ಬಹಳ ನಕ್ಕರಂತೆ, ಕಾಫಿ ಕೂಡ ಕೊಟ್ಟರಂತೆ. ಕೆಲಸ ಮಾತ್ರ ಕೊಡಲಿಲ್ಲ.

ಆ ಆಫೀಸನ್ನು ನಾನು ಬಲ್ಲೆ, ಅವರ ಕುರ್ಚಿಗಳೆಲ್ಲ ನನ್ನ ಮೂಲಕವೇ ಮೇಲೆ ಹತ್ತಿದವು. ಪರದೆಯ ಮೇಲೆ ಬಿಸಿಲು ಹೊಳೆಯಬಾರದೆಂದು ಅವನ ಮೂಲೆಯ ಕಿಟಕಿಗೆ ದಪ್ಪ ರಟ್ಟು ಬಡಿದಿದ್ದಾರೆ. ರಟ್ಟು ತೆಗೆದರೂ ನಷ್ಟವಿಲ್ಲ, ಆಚೆ ಕಾಣುವುದು ಪಕ್ಕದ ಕಟ್ಟಡದ ಬೆನ್ನು ಮತ್ತು ಅದರ ಪೈಪು. ಬಾಗಿಲು ಕಾರ್ಡು ತೋರಿಸಿದರೆ ತೆರೆಯುತ್ತದೆ. ಇವನದು ಗುತ್ತಿಗೆಯವರ ಕಾರ್ಡು, ಮಿಕ್ಕವರು ಮಧ್ಯಾಹ್ನ ಕಾಲಾಡಿಸಲು ಹೋಗುವ ಟೆರೇಸಿನ ಬಾಗಿಲಿಗೆ ಅದನ್ನು ಹಿಡಿದರೆ ಕೆಂಪು ದೀಪ ಹತ್ತುತ್ತದೆ. ಯಾರಾದರೂ ಹೋಗುವಾಗ ಹಿಂದೆಯೇ ನುಸುಳಬಹುದಿತ್ತು. ವಾಪಸ್ ಒಳಗೆ ಬರಲೂ ಇನ್ನೊಬ್ಬರನ್ನು ಕಾಯಬೇಕೆಂದು ಅವನು ಹೋಗುತ್ತಿರಲಿಲ್ಲ.

ಮನೆಯೂ ಹೆಚ್ಚುಕಡಿಮೆ ಹಾಗೇ. ನಮ್ಮ ಹಾಲ್‌ನಲ್ಲಿ ನನ್ನ ಮಾರಾಟವಾಗದ ಸರಕಿನ ರಟ್ಟಿನ ಡಬ್ಬಗಳು ಸೂರಿನವರೆಗೆ ನಿಂತಿವೆ. ಅವುಗಳಿಗೂ ಬೀರುವಿಗೂ ನಡುವೆ ಅವನ ಹಾಸಿಗೆ. ಮಗ್ಗುಲು ಬದಲಾಯಿಸಬೇಕಾದರೆ ಡಬ್ಬಗಳ ಅಪ್ಪಣೆ ಬೇಕು. "ನಿನ್ನ ಡಬ್ಬ ಮಾರು, ಇಲ್ಲ ನನ್ನ ತಮ್ಮನ್ನ ಮಾರು," ಎಂದು ನನ್ನ ಹೆಂಡತಿ ನನಗೆ ವರ್ಷಕ್ಕೊಮ್ಮೆ ತಾಕೀತು ಮಾಡುತ್ತಾಳೆ. ಎರಡಕ್ಕೂ ಗಿರಾಕಿ ಬಂದಿಲ್ಲ.

ಹಳೇ ಸರಕಿನ ವ್ಯಾಪಾರಿಗೆ ಒಂದು ಅನುಕೂಲವಿದೆ. ಹೊಸದು ಮಾರುವವನಿಗೆ ಜನ ಏನನ್ನು ಆಸೆಪಟ್ಟು ಒಯ್ಯುತ್ತಾರೆಂದು ಮಾತ್ರ ಗೊತ್ತು. ಏನನ್ನು ಮರುಕವಿಲ್ಲದೆ ಕೈಬಿಡುತ್ತಾರೆಂದು ನನಗೆ ಗೊತ್ತು. ಸೂಪರ್‌ಹೀರೋ ಆಟಗಳಲ್ಲಿ ಎಲ್ಲಕ್ಕಿಂತ ಬೇಗ ನನ್ನ ಕಪಾಟಿಗೆ ಬರುವುದು ಹಾರುವ ವೀರನದು. ಕೇಳಿದರೆ ವಿಚಿತ್ರ ಅನ್ನಿಸುತ್ತದೆ, ಹಾರುವುದಕ್ಕಿಂತ ಸುಖ ಯಾವುದು ಎಂದು. ಆದರೆ ಅವನನ್ನು ಆಕಾಶದಲ್ಲಿ ತಡೆಯುವವರಿಲ್ಲ, ಬೀಳುವ ಭಯವಿಲ್ಲ. ಬಟನ್ ಒತ್ತಿ ಹಿಡಿದು ಕೂತರೆ ಲಿಫ್ಟಿನಲ್ಲಿ ನಿಂತಹಾಗೆ. ಮಿಂಚಿನಂತೆ ಓಡುವವನ ಆಟ ತರುವವರು ಕಣ್ಣುಜ್ಜಿಕೊಳ್ಳುತ್ತಾ ತರುತ್ತಾರೆ, ಓಡಿದೆ ಎಂದು ತಿಳಿಯುವುದರೊಳಗೆ ಊರು ಮುಗಿದಿರುತ್ತದೆ. ಎತ್ತರಕ್ಕೆ ನೆಗೆದು ಧೊಪ್ಪೆಂದು ಬಿದ್ದು ರಸ್ತೆಯನ್ನೇ ಬಿರುಕು ಬಿಡಿಸುವ ದಢೂತಿ ವೀರನಿಗೆ ಬೇರೆ ಗಿರಾಕಿಗಳಿದ್ದಾರೆ. ಮೇಲಧಿಕಾರಿಯಿಂದ ಬೈಸಿಕೊಂಡ ದಿನ ಬಂದು ಕೊಳ್ಳುತ್ತಾರೆ, ಸಿಟ್ಟು ಇಳಿದ ಮೇಲೆ ತಂದು ಮಾರುತ್ತಾರೆ. ಜೀಕುವ ವೀರ ಮಾತ್ರ ವಾಪಸ್ ಬರುವುದು ಅಪರೂಪ. ಬಂದರೆ ಮೆಷಿನ್ನು ಕೆಟ್ಟಿರಬೇಕು, ಇಲ್ಲವೇ ಮಾಲೀಕನಿಗೆ ಮದುವೆಯಾಗಿರಬೇಕು.

ಯಾಕೆ ಹೀಗೆ ಎಂದು ಬಾಮೈದನನ್ನು ಒಮ್ಮೆ ಕೇಳಿದೆ. ಮಧ್ಯಾಹ್ನದ ಊಟಕ್ಕೆ ಅವನು ಅಂಗಡಿಗೇ ಬರುತ್ತಾನೆ. ಮಾತು ಕಮ್ಮಿ. ಅವತ್ತು ಮಾತ್ರ ಡಬ್ಬಿ ಬದಿಗಿಟ್ಟು ಬಾಯಿಬಿಟ್ಟ.

"ಹಾರೋನಿಗೆ ಊರೇ ಬೇಕಾಗಿಲ್ಲ ಭಾವ. ಕೆಳಗೆ ಏನಿದ್ರೂ ಒಂದೇ. ಜೀಕೋನಿಗೆ ಒಂದೊಂದು ಕಟ್ಟಡಾನೂ ಬೇಕು. ಹಿಡ್ಕೊಳ್ಳೋಕೆ ಏನಾದ್ರೂ ಇರಬೇಕಲ್ಲ."

"ಹಿಡ್ಕೊಂಡು ನೇತಾಡೋದ್ರಲ್ಲಿ ಏನಯ್ಯಾ ಮಜಾ?"

"ಹಿಡ್ಕೊಳ್ಳೋದ್ರಲ್ಲಿ ಇಲ್ಲ. ಬಿಡೋದ್ರಲ್ಲಿ ಇದೆ."

ಗಲ್ಲೆಯ ಮೇಲಿದ್ದ ಒಂದು ಹಳೇ ಚಾರ್ಜರನ್ನು ವೈರು ಹಿಡಿದು ತೂಗಾಡಿಸಿದ. "ಇಲ್ಲಿ ಕೆಳಗಿದ್ದಾಗ ಬಿಟ್ರೆ ರಸ್ತೆಗೆ ಉಜ್ಕೊಂಡು ಹೋಗ್ತೀವಿ. ತೀರಾ ಮೇಲೆ ಹೋಗಿ ಬಿಟ್ರೆ ನಿಂತಲ್ಲೇ ಮೂಟೆ ಥರ ಬೀಳ್ತೀವಿ. ಇವೆರಡರ ಮಧ್ಯೆ ಒಂದು ಜಾಗ ಇದೆ. ಕಣ್ಣಿಗೆ ಕಾಣಲ್ಲ, ಬೆರಳಿಗೆ ಗೊತ್ತಾಗುತ್ತೆ. ಇನ್ನೊಂದು ಚೂರು, ಇನ್ನೊಂದು ಚೂರು ಅಂತ ತಡೆದು, ಅಲ್ಲಿ ಬಿಟ್ರೆ..."

ಬಿಟ್ಟ. ಚಾರ್ಜರ್ ಹೋಗಿ ಶೋಕೇಸಿನ ಗಾಜಿಗೆ ಬಡಿಯಿತು.

"ಅರ್ಥ ಆಯ್ತು," ಅಂದೆ. "ಇನ್ನು ತೋರಿಸಬೇಡ."

ಅವನ ಇಡೀ ದಿನದಲ್ಲಿ ಅಂಥ ಬಿಡುವಿಕೆ ಒಂದೇ ಸಲ ಸಿಗುತ್ತಿತ್ತು. ಮಿಕ್ಕ ಹೊತ್ತೆಲ್ಲ ಆ ಮುಖವಾಡದ ವೀರನನ್ನು ಒಂದು ಗೋಡೆಗೆ ಆನಿಸಿ ತಳ್ಳುವುದು, ಅಲ್ಲೇ ಕುಪ್ಪಳಿಸುವುದು, ಕೂರಿಸುವುದು, ಹಿಂದು ಮುಂದಾಗಿ ತುರುಕುವುದು. ಎಲ್ಲ ಕಡೆಗೂ ಹಾರಬಲ್ಲವನನ್ನು ಕೈಯಲ್ಲಿ ಹಿಡಿದುಕೊಂಡು ಎಲ್ಲಿಗೂ ಹೋಗದೆ ಇರುವುದು. ಸಂಜೆ ಕೆಲಸ ಮುಗಿದಾಗ ವೀರ ಊರಿನ ಯಾವುದೋ ಕೊನೆಯಲ್ಲಿರುತ್ತಾನೆ, ಅವನನ್ನು ನಡುಚೌಕಕ್ಕೆ ತಂದು ನಿಲ್ಲಿಸಿ ಮೆಷಿನ್ನು ಆರಿಸಬೇಕು. ಬೇರೆಯವರು ಮೆಷಿನ್ನಿನಲ್ಲಿ ಆಫೀಸಿನವರಿಗೆಂದೇ ಇಟ್ಟ ಒಂದು ಬಟನ್ ಒತ್ತುತ್ತಾರೆ, ವೀರ ಚೌಕದಲ್ಲಿ ಪ್ರತ್ಯಕ್ಷನಾಗುತ್ತಾನೆ. ನಮ್ಮವನು ಮಾತ್ರ ಆ ದಾರಿಯನ್ನು ಜೀಕಿಕೊಂಡು ಬರುತ್ತಿದ್ದ. ಅದನ್ನು ಯಾರೂ ಕೇಳುತ್ತಿರಲಿಲ್ಲ. ಆ ಹೊತ್ತಿನಲ್ಲಿ ಒಮ್ಮೆ ಕುರ್ಚಿಯ ಚಕ್ರ ರಿಪೇರಿಗೆಂದು ಮೇಲೆ ಹೋಗಿದ್ದೆ. ದಿನವಿಡೀ ಮುದುಡಿ ಕೂತಿರುವ ಮನುಷ್ಯನ ಭುಜ ಎಡಕ್ಕೂ ಬಲಕ್ಕೂ ವಾಲುತ್ತಿತ್ತು. ಹಗ್ಗ ಬಿಟ್ಟಾಗಲೊಮ್ಮೆ ಅವನ ಗದ್ದ ಮೇಲೇಳುತ್ತಿತ್ತು. ನಾನು ಕೆಮ್ಮದೆ ಕೆಳಗಿಳಿದು ಬಂದೆ.

ಆಟ ಮಾರುಕಟ್ಟೆಗೆ ಬರುವ ಕಾಲ ಹತ್ತಿರವಾದಂತೆ ಯಜಮಾನರಿಗೆ ದಿಗಿಲು ಹೆಚ್ಚಿತು. ದಿಗಿಲಿಗೆ ಕಾರಣವೂ ಇತ್ತು. ಅವರ ಹಿಂದಿನ ಆಟದಲ್ಲಿ ವೀರನೊಬ್ಬ ಬಚ್ಚಲುಮನೆಗೆ ಹೋದವನು ಹೊರಗೆ ಬರಲಾಗದೆ ಉಳಿದು, ಕಂಪನಿಯ ಹೆಸರು ಬಚ್ಚಲಿನ ಜೊತೆ ಸೇರಿಹೋಗಿತ್ತು. ಒಂದು ಬೆಳಗ್ಗೆ ಎಲ್ಲರನ್ನೂ ಕೂರಿಸಿ ಹೇಳಿದರಂತೆ: "ಊರಿಗೆ ಬೀಗ ಹಾಕಿದೀವಿ. ಇನ್ನು ಯಾವ ಕಟ್ಟಡಾನೂ ಒಂದು ಬೆರಳಷ್ಟು ಸರಿಯಲ್ಲ. ಇಲ್ಲಿ ಸರಿಸಿದ್ರೆ ಅಲ್ಲಿ ಸಂದಾಗುತ್ತೆ, ಇದಕ್ಕೆ ಕೊನೆ ಇಲ್ಲ. ಇನ್ನು ಒಂದೇ ಒಂದು ಕಡೆ ವೀರ ಸಿಕ್ಕಿಹಾಕಿಕೊಂಡ ಅಂತ ಗೊತ್ತಾದ್ರೂ ಹಗ್ಗ ತಾನಾಗೇ ಬಿಡೋ ಹಾಗೆ ಮಾಡಿಬಿಡೋದು."

ಆ ವ್ಯವಸ್ಥೆಯನ್ನು ಆಗಲೇ ಬರೆದು ಇಟ್ಟಿದ್ದರು. ಆಟದಲ್ಲಿ ಆ ಹಗ್ಗವನ್ನು ರೂಪಿಸಿದ ಎಂಜಿನಿಯರ್ ಹೆಂಗಸು, ಎಲ್ಲರ ಬಾಯಲ್ಲಿ ಹಗ್ಗದಮ್ಮ, ಯಜಮಾನರ ಮಾತಿಗೆ ಬರೆದಿದ್ದಳು. ಅದನ್ನು ಚಾಲೂ ಮಾಡಿದರೆ ಬೆರಳು ಒತ್ತಿಯೇ ಇದ್ದರೂ ಸರಿಯಾದ ಜಾಗದಲ್ಲಿ ಹಗ್ಗ ತಾನೇ ಕಳಚಿಕೊಳ್ಳುತ್ತದೆ, ವೀರ ತಪ್ಪು ಕಡೆಗೆ ಹೋಗುವುದೇ ಇಲ್ಲ. ಅವಳಿಗೆ ಅದು ಇಷ್ಟವಿರಲಿಲ್ಲ. ನನ್ನ ಅಂಗಡಿಯಲ್ಲಿ ಇಯರ್‌ಫೋನ್ ಕೊಳ್ಳುತ್ತಾ ಬಾಮೈದನಿಗೆ ಹೇಳಿದಳು, "ಗೋಡೆಯವರೇ, ದಯವಿಟ್ಟು ಇನ್ನು ಸಿಕ್ಕಿಹಾಕ್ಕೋಬೇಡಿ." ತಮಾಷೆಗೇ ಹೇಳಿದ್ದು. ಅವನು ನಗಲಿಲ್ಲ.

ಸಿಕ್ಕಿಹಾಕಿಕೊಂಡ. ಅದೂ ಕೆಲಸ ಮಾಡುವಾಗ ಅಲ್ಲ, ಸಂಜೆ ತನ್ನ ಪಾಡಿಗೆ ಜೀಕಿಕೊಂಡು ಚೌಕಕ್ಕೆ ಬರುವಾಗ.

ಮರುದಿನ ಊಟಕ್ಕೆ ಬಂದವನು ಡಬ್ಬಿ ತೆರೆಯಲಿಲ್ಲ. ಗಿರಾಕಿ ಹೋಗುವವರೆಗೆ ಕಾದು ಹೇಳಿದ. "ಸಿನಿಮಾ ಹಾಲಿಗೂ ಬ್ಯಾಂಕಿಗೂ ಮಧ್ಯೆ ಒಂದು ಸಂದಿದೆ ಭಾವ. ಇಷ್ಟಗಲ. ಬ್ಯಾಂಕಿನ ತುದಿಗೆ ಹಗ್ಗ ಹಾಕಿ, ಬಿಡೋದು ಚೂರು ಜಾಸ್ತೀನೇ ತಡ ಮಾಡಿದ್ರೆ ಸೀದಾ ಅದರೊಳಗೆ ಇಳೀತಾನೆ. ಎರಡೂ ಕಡೆ ಗೋಡೆ ಹತ್ರ ಇರೋದ್ರಿಂದ ಮತ್ತೆ ಹಗ್ಗ ಎಸೆಯೋಕೆ ಜಾಗ ಇಲ್ಲ. ನಿಂತಲ್ಲೇ ಕುಪ್ಪಳಿಸಬೇಕು ಅಷ್ಟೆ."

"ಯಾರಿಗೆ ಹೇಳ್ದೆ?"

"ನಿಮಗೆ."

"ಅಷ್ಟೊಂದು ತಡ ಮಾಡಿ ಬಿಡೋರು ಎಷ್ಟು ಜನ ಇರ್ತಾರೆ?"

"ಕಮ್ಮಿ. ಜೀಕೋದು ತಲೆಗೆ ಹತ್ತಿದೋರು ಮಾತ್ರ."

ನಾನು ವ್ಯಾಪಾರದಲ್ಲಿ ತಲೆ ನರೆಸಿಕೊಂಡವನು. ಕೀಲು ಸಡಿಲವಾದ ಕುರ್ಚಿಯನ್ನು ಆ ಕಾಲು ಗೋಡೆಗೆ ಬರುವ ಹಾಗೆ ಇಟ್ಟು ಮಾರುವುದು ನನಗೆ ಪಾಪವೆನಿಸಿಲ್ಲ, ಕೊಳ್ಳುವವನೂ ಗೋಡೆಗೆ ಆನಿಸಿಯೇ ಇಡುತ್ತಾನೆ. "ಹಾಗಿದ್ರೆ ಬಾಯಿ ಮುಚ್ಕೊಂಡಿರು," ಅಂದೆ. "ಲಕ್ಷದಲ್ಲಿ ಒಬ್ಬ ಬೀಳ್ತಾನೆ. ಅವನೊಬ್ಬನಿಗೋಸ್ಕರ ಎಲ್ಲರ ಬೆರಳು ಕಟ್ಟಿಹಾಕ್ತೀಯಾ?"

"ನನ್ನ ಕೆಲಸಾನೇ ಹೇಳೋದು ಭಾವ."

"ಸರಿ, ಹೇಳು. ಆಮೇಲೆ ಸಂಜೆ ಏನು ಮಾಡ್ತಿ?"

ಅವನು ಡಬ್ಬಿ ಹಾಗೇ ಎತ್ತಿಕೊಂಡು ಮೆಟ್ಟಿಲು ಹತ್ತಿದ. ಹೇಳಿದರೆ ಹಗ್ಗ ಹೋಗುತ್ತದೆ, ಹೇಳದಿದ್ದರೆ ಮಾಡಬೇಕಾದ ಒಂದೇ ಕೆಲಸವನ್ನು ಮಾಡದವನಾಗುತ್ತಾನೆ. ನಾನೇನೋ ಹೇಳುವುದನ್ನು ಹೇಳಿ ಮುಂದಿನ ಗಿರಾಕಿಯ ಕಡೆ ತಿರುಗಿದೆ. ಅವನು ಆ ವಾರವಿಡೀ ಆ ಸಂದಿನಲ್ಲೇ ಇದ್ದ. ಅವನ ಅಕ್ಕ ತಟ್ಟೆ ಇಟ್ಟರೆ ಅರ್ಧ ತಿಂದು ಏಳುತ್ತಿದ್ದ.

"ಏನೋ ಆಗಿದೆ ನಿನಗೆ. ಯಾರಾದ್ರೂ ಹುಡುಗೀನಾ?" ಎಂದು ಅಕ್ಕ ಆಸೆಯಿಂದ ಕೇಳಿದಳು.

"ಅಲ್ಲಕ್ಕ. ಬ್ಯಾಂಕು."

"ಸಾಲ ಮಾಡಿದೀಯಾ?"

"ಬೇರೆ ಬ್ಯಾಂಕು," ಎಂದು ನಾನು ನಡುವೆ ಬಾಯಿ ಹಾಕಿ ಇಬ್ಬರಿಂದಲೂ ಬೈಸಿಕೊಂಡೆ.

ಸಂಜೆ ಜೀಕಿಕೊಂಡು ಬರುವುದನ್ನು ಅವನು ಬಿಟ್ಟಿರಲಿಲ್ಲ. ಆದರೆ ಬ್ಯಾಂಕು ಹತ್ತಿರವಾದಾಗ ಬೆರಳು ತಾನಾಗಿ ಮೊದಲೇ ಬಿಡುತ್ತದೆ ಎಂದು ಒಂದು ದಿನ ತನ್ನಷ್ಟಕ್ಕೆ ತಾನೇ ಎಂಬಂತೆ ಹೇಳಿದ. ಗೊತ್ತಿಲ್ಲದಾಗ ಇದ್ದ ಧೈರ್ಯ ಗೊತ್ತಾದ ಮೇಲೆ ಇಲ್ಲವಂತೆ.

ಶನಿವಾರ ಯಜಮಾನರು ಕೊನೆಯ ಪರೀಕ್ಷೆ ಇಟ್ಟರು. ಹೊರಗಿನ ಜನ ಆಡಬೇಕು, ತಾವು ನೋಡಬೇಕು. ಅದಕ್ಕೆ ನನ್ನ ಅಂಗಡಿಯ ಟಿವಿಯೇ ಸರಿ ಎಂದರು. ಬಿಟ್ಟಿ ಆಟವೆಂದರೆ ಜನ ಸೇರುತ್ತಾರೆ, ಸೇರಿದವರಲ್ಲಿ ಒಬ್ಬರಾದರೂ ಚಾರ್ಜರ್ ಕೊಳ್ಳುತ್ತಾರೆ ಎಂದು ನಾನೂ ಒಪ್ಪಿದೆ. ಅವರು ಹೆಡ್‌ಫೋನ್ ಗೊಂಚಲಿನ ಹಿಂದೆ ಒಂದು ಕುರ್ಚಿ ಹಾಕಿಕೊಂಡು, ನೀರಿನ ಬಾಟಲಿ ತೊಡೆಯ ಮೇಲಿಟ್ಟು ಕೂತರು. ಪಕ್ಕದಲ್ಲಿ ಹಗ್ಗದಮ್ಮ. ಬಾಮೈದ ಟಿವಿಯ ಪಕ್ಕ ನಿಂತು, ಬಂದವರ ಕೈಗೆ ಕಂಟ್ರೋಲರ್ ಕೊಟ್ಟು, ಯಾವ ಬಟನ್ ಏನೆಂದು ಒಮ್ಮೆ ಹೇಳಿ ಸುಮ್ಮನಾಗಬೇಕು. ಆಮೇಲೆ ತುಟಿ ಬಿಚ್ಚುವಂತಿಲ್ಲ. ಆಡುವವರು ತಪ್ಪಲಿ, ಬೀಳಲಿ, ಬೈಯಲಿ, ನೋಡುತ್ತಿರುವವರು ಮಾತಾಡಬಾರದು. ಅದು ಅವರ ಕಸುಬಿನ ಕಟ್ಟುನಿಟ್ಟು. ಆಟದ ಜೊತೆ ಗೋಡೆ ಸರ್ ಎಲ್ಲರ ಮನೆಗೂ ಹೋಗುವುದಿಲ್ಲವಲ್ಲ.

ರಜೆಯಲ್ಲಿದ್ದ ಬಸ್ ಡ್ರೈವರ್ ಒಬ್ಬ ಮೊದಲು ಕೂತ. ಸ್ಟೂಲಿನ ಮೇಲೆ ಇಡೀ ಮೈಯನ್ನು ತಿರುವುಗಳಲ್ಲಿ ವಾಲಿಸಿ, ಪಕ್ಕದವನ ಕಾಲು ತುಳಿದು, "ಅಡ್ಡ ಬಂದ್ರೆ ನಾನೇನು ಮಾಡ್ಲಿ," ಎಂದು ಅವನಿಗೇ ಗದರಿದ. ಒಂದು ಜೋಡಿ ಬಂತು, ಹೆಂಡತಿ ಆಡಿದಳು, ಗಂಡ ದಾರಿ ಹೇಳಿದ, ಅವಳು ಅವನು ಹೇಳಿದ ಕಡೆಗೆ ಒಮ್ಮೆಯೂ ಹೋಗಲಿಲ್ಲ. ಯಾರೂ ಸಂದಿನ ಹತ್ತಿರ ಸುಳಿಯಲಿಲ್ಲ. ಯಜಮಾನರ ಮುಖ ಸಡಿಲವಾಗುತ್ತಾ ಬಂತು. ಬ್ಯಾಂಕಿನ ಕಟ್ಟಡ ಪರದೆಯ ಅಂಚಿಗೆ ಬಂದಾಗೆಲ್ಲ ಬಾಮೈದನ ಕೈ ಟಿವಿಯ ಮೇಜನ್ನು ಹಿಡಿಯುವುದನ್ನು ನಾನೊಬ್ಬ ನೋಡುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಎದುರಂಗಡಿಯ ಟೈಲರಮ್ಮ ಬಂದಳು. ಹಳೇ ಬಟ್ಟೆ ಬಿಗಿ ಮಾಡುವುದು, ಸಡಿಲ ಮಾಡುವುದು, ಪ್ಯಾಂಟಿನ ಕಾಲು ಕತ್ತರಿಸುವುದು ಅವಳ ಕೆಲಸ. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಗದ್ದಲ ಏನೆಂದು ನೋಡಲು ಬಂದವಳನ್ನು ಡ್ರೈವರ್ ಕೂರಿಸಿಯೇ ಬಿಟ್ಟ.

"ಅಯ್ಯೋ ನನಗೆಲ್ಲಿ ಬರುತ್ತಪ್ಪಾ ಇದೆಲ್ಲ," ಅನ್ನುತ್ತಲೇ ಕೂತಳು.

ಮೊದಲು ರಸ್ತೆಯಲ್ಲೇ ಉಜ್ಜಿಕೊಂಡು ಹೋದಳು. ನಾಲ್ಕಾರು ಸಲ ಮೂಟೆಯಂತೆ ಬಿದ್ದಳು. ಆಮೇಲೆ ನಾನು ನೋಡಿದ್ದು ಅವಳ ಪಾದ. ಹೊಲಿಗೆಯಂತ್ರದ ಪೆಡಲಿನ ಮೇಲಿದ್ದಹಾಗೆ ನೆಲದ ಮೇಲೆ ಒತ್ತುತ್ತಿತ್ತು, ಬಿಡುತ್ತಿತ್ತು. ಅದರ ಲಯಕ್ಕೆ ಬೆರಳೂ ಸೇರಿತು. ವೀರ ಮೇಲೆದ್ದ. ಒಂದು ಕಟ್ಟಡದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ಟೈಲರಮ್ಮನ ಬಾಯಿ ಸಣ್ಣಗೆ ತೆರೆದುಕೊಂಡಿತು. ದಿನಗಟ್ಟಲೆ ಬಗ್ಗಿ ಕೂತು ಬಾಗಿಹೋದ ಬೆನ್ನು ನೆಟ್ಟಗಾಯಿತು. ಹಗ್ಗ ಬಿಡುವುದನ್ನು ತಡೆಯುತ್ತಾ ತಡೆಯುತ್ತಾ, ಒಂದೊಂದು ಜೀಕಿಗೂ ಇನ್ನೂ ಚೂರು ತಡ ಮಾಡುತ್ತಾ ಹೋದಳು. ಹಗ್ಗದಮ್ಮ ಖುಷಿಗೆ ಯಜಮಾನರ ತೋಳು ಹಿಡಿದುಕೊಂಡು ತಕ್ಷಣ ಬಿಟ್ಟಳು.

ಬ್ಯಾಂಕು ಬಂತು. ಟೈಲರಮ್ಮ ತುದಿಗೆ ಹಗ್ಗ ಹಾಕಿದಳು. ತಡೆದಳು. ವೀರ ಪರದೆಯಿಂದ ಕಾಣೆಯಾದಹಾಗೆ ಸಂದಿನೊಳಕ್ಕೆ ಇಳಿದುಹೋದ.

ಅವಳು ಒತ್ತಿದಳು. ವೀರ ಕುಪ್ಪಳಿಸಿದ. ಮತ್ತೆ ಒತ್ತಿದಳು, ಕೈಯಲ್ಲಿದ್ದ ಎಲ್ಲ ಬಟನ್‌ಗಳನ್ನೂ ಒತ್ತಿದಳು. ಎರಡು ಗೋಡೆಗಳ ನಡುವೆ ವೀರ ಕುಪ್ಪಳಿಸುತ್ತಲೇ ಇದ್ದ. ಸುತ್ತ ನಿಂತವರು ಹಾಗೆ ಮಾಡಿ ಹೀಗೆ ಮಾಡಿ ಎಂದರು. ಒಬ್ಬ, "ಆಯ್ತು ಬಿಡಿ, ಬೇರೆಯೋರಿಗೆ ಕೊಡಿ," ಎಂದ. ಟೈಲರಮ್ಮನ ಕಿವಿ ಕೆಂಪಾದದ್ದು ನನ್ನ ಗಲ್ಲೆಯವರೆಗೆ ಕಾಣುತ್ತಿತ್ತು.

"ಏನೋ ಹಾಳು ಮಾಡಿಬಿಟ್ಟೆ ಕಣಪ್ಪಾ ನಾನು," ಅಂದಳು. "ನಾನು ಮೊದಲೇ ಹೇಳಿದೆ, ನನ್ನಂಥೋಳಿಗೆ ಅಲ್ಲ ಇದು." ಕಂಟ್ರೋಲರನ್ನು ಕರ್ಚೀಫಿನಿಂದ ಒರೆಸಿ, ಒಡೆದ ಪಾತ್ರೆ ಹಿಡಿದವಳಂತೆ ಎರಡು ಕೈಯಲ್ಲಿ ಮೇಜಿನ ಮೇಲಿಟ್ಟಳು. ಬೆನ್ನು ಮತ್ತೆ ಬಾಗಿತ್ತು.

ಯಜಮಾನರು ಇನ್ನೂ ಎದ್ದಿರಲಿಲ್ಲ. ಅವರ ಕಡೆಗೆ ಬೆನ್ನು ಮಾಡಿ ಜನ ನಿಂತಿದ್ದರಿಂದ ಪರದೆ ಪೂರ್ತಿ ಕಾಣುತ್ತಿರಲಿಲ್ಲ, ಹೊಸಬಳಿಗೆ ಆಡಲು ಬರಲಿಲ್ಲ ಎಂದೇ ಅವರು ತಿಳಿದಿದ್ದರೆಂದು ಆಮೇಲೆ ಹೇಳಿದರು. ಬಾಮೈದ ಆಫೀಸಿನವರ ಆ ಬಟನ್ ಒತ್ತಿ ವೀರನನ್ನು ಚೌಕಕ್ಕೆ ತಂದು ನಿಲ್ಲಿಸಿದ್ದರೆ ಮುಗಿದಿತ್ತು. ನಾನು ಕಣ್ಣಲ್ಲೇ ಒತ್ತು ಎಂದೆ. ಅವನು ನನ್ನನ್ನು ನೋಡಿದ, ಟೈಲರಮ್ಮನನ್ನು ನೋಡಿದ. ಅವಳಾಗಲೇ ಚಪ್ಪಲಿಗೆ ಕಾಲು ತೂರಿಸುತ್ತಿದ್ದಳು.

"ನಿಮ್ಮ ತಪ್ಪಲ್ಲಮ್ಮ," ಅಂದ.

ಮಾತಾಡಬಾರದವನು ಮಾತಾಡಿದ್ದ.

"ಅಲ್ಲಿ ಯಾರು ಬಿದ್ರೂ ಮೇಲೆ ಬರಕ್ಕಾಗಲ್ಲ. ನಾನೂ ಬಿದ್ದಿದೀನಿ. ನೀವು ಚೆನ್ನಾಗಿ ಆಡಿದ್ದಕ್ಕೇ ಅಲ್ಲಿಗೆ ಹೋದ್ರಿ. ಕೆಟ್ಟದಾಗಿ ಆಡೋರು ಅಲ್ಲಿಗೆ ಹೋಗೋದೇ ಇಲ್ಲ."

ಟೈಲರಮ್ಮ ನಂಬಲೋ ಬೇಡವೋ ಎಂಬಂತೆ ನೋಡಿ, "ಹಾಗಂತೀಯಾ?" ಎಂದಳು. ಸಮಾಧಾನಕ್ಕೆ ಹೇಳುತ್ತಿದ್ದಾನೆ ಅಂದುಕೊಂಡಿರಬೇಕು. ಅಷ್ಟರಲ್ಲಿ ಯಜಮಾನರು ಹೆಡ್‌ಫೋನ್‌ಗಳನ್ನು ಸರಿಸಿಕೊಂಡು ಮುಂದೆ ಬಂದಿದ್ದರು.

"ಯಾವಾಗ ಗೊತ್ತಾಯ್ತು?"

"ಹೋದ ವಾರ ಸರ್."

"ನನಗೆ ಹೇಳಲಿಲ್ಲ."

"ಇಲ್ಲ ಸರ್."

ಯಜಮಾನರು ಬಾಟಲಿಯ ಮುಚ್ಚಳ ತೆರೆದರು, ಕುಡಿಯದೆ ಮುಚ್ಚಿದರು. ಹಗ್ಗದಮ್ಮ ಪರದೆಯನ್ನೇ ನೋಡುತ್ತಿದ್ದಳು, ಅಲ್ಲಿ ವೀರ ಇನ್ನೂ ಗೋಡೆಗೆ ಮುಖ ಮಾಡಿ ನಿಂತಿದ್ದ. ಅವಳನ್ನು ಯಾರೂ ಏನೂ ಕೇಳಲಿಲ್ಲ. "ಹಗ್ಗ ತಾನಾಗೇ ಬಿಡೋದನ್ನ ಸೋಮವಾರ ಚಾಲೂ ಮಾಡ್ತೀನಿ," ಎಂದು ತಾನೇ ಹೇಳಿ ಮೆಟ್ಟಿಲು ಹತ್ತಿದಳು.

ಕೆಲಸ ಹೋಗುತ್ತದೆ ಎಂದುಕೊಂಡು ಮನೆಯಲ್ಲಿ ಆ ಭಾನುವಾರ ಯಾರೂ ಜೋರಾಗಿ ಮಾತಾಡಲಿಲ್ಲ. ಅಕ್ಕ ತಮ್ಮನ ಹಾಸಿಗೆಯ ಪಕ್ಕದ ಎರಡು ಡಬ್ಬಗಳನ್ನು ನಮ್ಮ ಕೋಣೆಗೆ ಸಾಗಿಸಿದಳು. ಇವತ್ತು ಕೂಡ ನಾನು ಅವುಗಳನ್ನು ಎಡವಿಕೊಂಡೇ ಓಡಾಡುತ್ತೇನೆ. ನನ್ನ ಮಟ್ಟಿಗೆ, ಕೆಲಸ ಹೋದರೆ ಹೋಗಲಿ, ಸ್ಟೂಲಿಗೆ ವಾಪಸ್ ಬಂದು ಕೂರುತ್ತಾನೆ ಎಂದು ಮನಸ್ಸನ್ನು ಸಿದ್ಧ ಮಾಡಿಕೊಂಡಿದ್ದೆ.

ಸೋಮವಾರ ಯಜಮಾನರು ಅವನನ್ನು ಕರೆದ ವಿಷಯವನ್ನು ಅವನು ಊಟದ ಹೊತ್ತಿಗೆ ಹೇಳಿದ.

"ಬೈದ್ರಾ?"

"ಇಲ್ಲ. ಮುಚ್ಚಿಟ್ಟಿದ್ದು ತಪ್ಪು ಅಂದ್ರು. ಆಮೇಲೆ, ಜನದ ಮುಂದೆ ಹೇಳಿದ್ಯಲ್ಲ, ಅದೂ ತಪ್ಪು ಅಂದ್ರು. ಆಮೇಲೆ ಕಾಯಂ ಮಾಡ್ತೀನಿ ಅಂದ್ರು."

"ಏನು?"

"ಮುಂದಿನ ಆಟಕ್ಕೂ ನೀನೇ ಬೇಕು ಅಂದ್ರು. ನಿನ್ನಷ್ಟು ಚೆನ್ನಾಗಿ ಸಿಕ್ಕಿಹಾಕ್ಕೊಳ್ಳೋನು ಇನ್ನೆಲ್ಲಿ ಸಿಗ್ತಾನೆ ಅಂದ್ರು."

ಜೇಬಿನಿಂದ ಹೊಸ ಕಾರ್ಡು ತೆಗೆದು ತೋರಿಸಿದ. ಕಾಯಂ ಆದವರ ಕಾರ್ಡು, ಟೆರೇಸಿನ ಬಾಗಿಲಿಗೂ ಹಸಿರು ದೀಪ ಹತ್ತುತ್ತದಂತೆ. "ನೋಡ್ಕೊಂಡು ಬಂದ್ಯಾ?" ಎಂದೆ. ಬಂದೆ, ಅಂದ. ಸುತ್ತ ಎತ್ತರದ ಗೋಡೆ ಕಟ್ಟಿದ್ದಾರಂತೆ, ಯಾರೂ ಬೀಳಬಾರದೆಂದು. ಆಕಾಶ ಕಾಣುತ್ತದಂತೆ.

ಸಂಜೆ ಜೀಕಿಕೊಂಡು ಬರುವುದನ್ನು ಅವನು ಎರಡು ದಿನ ಪ್ರಯತ್ನಿಸಿದ. ಮೂರನೇ ದಿನದಿಂದ ಎಲ್ಲರಂತೆ ಬಟನ್ ಒತ್ತಿ ವೀರನನ್ನು ಚೌಕಕ್ಕೆ ತರುತ್ತಾನೆ.

ಆಟ ಮಾರುಕಟ್ಟೆಗೆ ಬಂತು. ಚೆನ್ನಾಗಿಯೇ ಹೋಯಿತು. ಯಾರೂ ಎಲ್ಲೂ ಸಿಕ್ಕಿಹಾಕಿಕೊಳ್ಳಲಿಲ್ಲ, ಕಂಪನಿಯ ಹೆಸರು ಬಚ್ಚಲಿನಿಂದ ಹೊರಗೆ ಬಂತು. ಒಂದು ತಿಂಗಳಿಗೆ ನನ್ನ ಕಪಾಟಿಗೆ ಮೊದಲ ಪ್ರತಿ ವಾಪಸ್ ಬಂತು, ಆ ವಾರದಲ್ಲೇ ಇನ್ನೂ ಕೆಲವು. ಕಾರಣ ಕೇಳಿದರೆ ಯಾರಿಗೂ ಹೇಳಲು ಬರುವುದಿಲ್ಲ. ಚೆನ್ನಾಗಿದೆ, ಆದ್ರೆ ಸಾಕಾಯ್ತು, ಅನ್ನುತ್ತಾರೆ. ನಾನೂ ಅಷ್ಟಕ್ಕೆ ಬೆಲೆ ಕಟ್ಟಿ ಕೊಂಡುಕೊಳ್ಳುತ್ತೇನೆ.

ಅಂಥ ಒಂದು ವಾಪಸ್ ಬಂದ ಪ್ರತಿಯನ್ನು ಟಿವಿಗೆ ಹಾಕಿ ಇಟ್ಟಿದ್ದೆ. ಊಟದ ಹೊತ್ತು, ಬಾಮೈದ ಡಬ್ಬಿ ಮುಚ್ಚುತ್ತಿದ್ದ. ಟೈಲರಮ್ಮ ನನ್ನ ಹರಿದ ಕೈಚೀಲ ಹೊಲಿದು ತಂದವಳು, ಪರದೆ ನೋಡಿ, ಯಾರೂ ಕೂರಿಸದೆ ತಾನೇ ಸ್ಟೂಲಿನ ಮೇಲೆ ಕೂತಳು. ಒತ್ತಿದಳು. ವೀರ ಮೊದಲ ಜೀಕಿಗೇ ಎದ್ದ. ಕಟ್ಟಡದಿಂದ ಕಟ್ಟಡಕ್ಕೆ, ಒಂದೂ ತಪ್ಪದೆ, ಒಮ್ಮೆಯೂ ಬೀಳದೆ, ಬ್ಯಾಂಕಿನ ಮೇಲಿಂದ ಸಲೀಸಾಗಿ ದಾಟಿ ಊರಿನ ಕೊನೆ ಮುಟ್ಟಿದ. ಅವಳ ಬೆರಳು ಅಷ್ಟು ಹೊತ್ತೂ ಬಟನ್ನಿನ ಮೇಲೆ ಒತ್ತಿಕೊಂಡೇ ಇತ್ತು. ಪಾದ ನೆಲದ ಮೇಲೆ ಸುಮ್ಮನಿತ್ತು.

"ನೋಡಿದ್ಯಾ," ಎಂದು ಬಾಮೈದನ ಕಡೆ ತಿರುಗಿದಳು. ಮುಖವೆಲ್ಲ ನಗು. "ಅವತ್ತು ಆಗಿರಲಿಲ್ಲ. ಮನೇಲಿ ಕೂತು ಕೂತು ಯೋಚನೆ ಮಾಡಿದೆ. ಎಲ್ಲಿ ಬಿಡಬೇಕು ಅಂತ ಈಗ ಕೈಗೆ ತಿಳಿದುಹೋಗಿದೆ."

ನಾನು ಅವನ ಮುಖ ನೋಡಿದೆ. ಈ ಸಲ ಕಣ್ಣಲ್ಲಿ ಏನೂ ಹೇಳಲಿಲ್ಲ.

"ಹೌದಮ್ಮ," ಅಂದ. "ಸರಿಯಾದ ಜಾಗದಲ್ಲೇ ಬಿಡ್ತೀರಿ."

ಅವಳು ಮತ್ತೆ ಪರದೆಗೆ ತಿರುಗಿದಳು. ಅವನು ಡಬ್ಬಿಯನ್ನು ಗಲ್ಲೆಯ ಕೆಳಗಿಟ್ಟು, ಕೈ ಒರೆಸಿಕೊಂಡು, ಕೊರಳಿನ ಕಾರ್ಡನ್ನು ಮುಂದಕ್ಕೆ ಸರಿಪಡಿಸಿಕೊಂಡು ಮೇಲೆ ಹೋದ. ಮುಂದಿನ ಆಟ ನೀರಿನೊಳಗೆ ಈಜುವ ವೀರನದಂತೆ. ಅದಕ್ಕೆ ಗುಹೆಗಳು ಬಹಳ.